ರಾಗಿ ಹುಲ್ಲು, ಹಿಪ್ಪುನೇರಳೆ ಕಡ್ಡಿ ಕೊಳೆಯುವುದು ಹೇಗೆ? ಕಿಣ್ವಗಳ ಕೆಲಸ ತಿಳಿದು ತಿಪ್ಪೆ ಹಾಕೋಣ

ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಕಡೆ ತಿಪ್ಪೆ ಇಲ್ಲದ ರೈತರ ಮನೆ ಕಡಿಮೆ. ಆದರೆ ಯಾವುದಾದರೂ ಹಳೆಯ ತಿಪ್ಪೆಯನ್ನು ಗುದ್ದಲಿಯಿಂದ ಕಡಿದು ನೋಡಿ. ಮೇಲಿನ ಹುಲ್ಲು ಹಾಕಿದ ಹಾಗೇ ಒಣಗಿ ಬಿದ್ದಿರುತ್ತದೆ. ನಡುವೆ ಕಂದು ಬಣ್ಣದ, ಕೈಯಲ್ಲಿ ಪುಡಿಯಾಗುವ ಗೊಬ್ಬರ. ತಳದಲ್ಲಿ ಮೂಗು ಮುಚ್ಚಿಕೊಳ್ಳಬೇಕಾದ ಕರಿ ಕೆಸರು. ಅದೇ ಹುಲ್ಲು, ಅದೇ ಸಗಣಿ, ಅದೇ ಮಳೆಗಾಲ. ಮತ್ತೆ ಮೂರು ಥರ ಯಾಕಾಯಿತು?

ನಾನು ಇದನ್ನು ಯೋಚಿಸಿದ್ದು ಒಂದು ಬೆಳೆ ಕೈಕೊಟ್ಟ ಮೇಲೆ. ಸರಿಯಾಗಿ ಕೊಳೆಯದ ಗೊಬ್ಬರವನ್ನು ಅರ್ಧ ಎಕರೆಗೆ ಹರಡಿ ರಾಗಿ ಬಿತ್ತಿದ್ದೆ. ಪೈರು ಗೇಣುದ್ದ ಬರುವ ಹೊತ್ತಿಗೆ ಹಳದಿಯಾಗಿ ನಿಂತುಬಿಟ್ಟಿತು. ಪಕ್ಕದ, ಗೊಬ್ಬರವೇ ಕಾಣದ ತುಂಡು ಹಸಿರಾಗಿತ್ತು. ಆ ಹಳದಿಗೆ ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ಯಾಕ್ಟೀರಿಯಾ ಮತ್ತು ಅವುಗಳ ಕಿಣ್ವಗಳ, ಅಂದರೆ ಹುಲ್ಲನ್ನು ಒಡೆಯುವ ಪ್ರೋಟೀನ್‌ಗಳ (ಎನ್‌ಜೈಮ್) ಲೆಕ್ಕ. ಅದು ತಿಳಿದ ಮೇಲೆ ತಿಪ್ಪೆಯ ಹತ್ತಿರ ಮಾಡುವ ಒಂದೊಂದು ಕೆಲಸಕ್ಕೂ ಅರ್ಥ ಬಂತು. ಹುಲ್ಲನ್ನು ಯಾಕೆ ಕತ್ತರಿಸಬೇಕು, ನೀರು ಎಷ್ಟು ಬೇಕು, ಯಾವಾಗ ತಿರುವಬೇಕು ಅನ್ನುವುದನ್ನೆಲ್ಲ ಕಿಣ್ವಗಳೇ ಹೇಳಿಕೊಡುತ್ತವೆ. ಅದಕ್ಕೇ ಮೊದಲು ಅವುಗಳನ್ನು ಪರಿಚಯ ಮಾಡಿಕೊಂಡು ಆಮೇಲೆ ಗುದ್ದಲಿ ಹಿಡಿಯೋಣ.

ಮುದ್ದೆಯಲ್ಲೂ ಹುಲ್ಲಿನಲ್ಲೂ ಇರುವುದು ಒಂದೇ ಸಕ್ಕರೆ

ರಾಗಿ ಕಾಳಿನಲ್ಲಿ ಪಿಷ್ಟ ಇದೆ. ರಾಗಿ ಹುಲ್ಲಿನಲ್ಲಿ ಸೆಲ್ಯುಲೋಸ್ ಇದೆ. ಎರಡೂ ಗ್ಲೂಕೋಸ್ ಅನ್ನುವ ಒಂದೇ ಸಕ್ಕರೆಯ ಉದ್ದನೆಯ ಸರ. ಮುದ್ದೆ ನಮಗೆ ಅರಗುತ್ತದೆ, ಹುಲ್ಲು ಅರಗುವುದಿಲ್ಲ. ವ್ಯತ್ಯಾಸವಿರುವುದು ಮಣಿಗಳನ್ನು ಪೋಣಿಸಿದ ರೀತಿಯಲ್ಲಿ. ಪಿಷ್ಟದಲ್ಲಿ ಮಣಿಗಳೆಲ್ಲ ಒಂದೇ ಮುಖವಾಗಿವೆ, ಅದನ್ನು ಆಲ್ಫಾ ಕೊಂಡಿ ಅನ್ನುತ್ತಾರೆ. ಸೆಲ್ಯುಲೋಸ್‌ನಲ್ಲಿ ಒಂದು ಮಣಿ ನೆಟ್ಟಗೆ, ಮುಂದಿನದು ತಲೆಕೆಳಗು, ಅದು ಬೀಟಾ ಕೊಂಡಿ. ಇಷ್ಟೇ ವ್ಯತ್ಯಾಸಕ್ಕೆ ಪಿಷ್ಟದ ಸರ ಸುರುಳಿ ಸುತ್ತಿಕೊಳ್ಳುತ್ತದೆ, ಸೆಲ್ಯುಲೋಸ್ ಸರ ಕಡ್ಡಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗಿರುವ ಸರಗಳು ಒಂದಕ್ಕೊಂದು ಒತ್ತಿಕೊಂಡು, ನಡುವೆ ಹೈಡ್ರೋಜನ್ ಬಂಧ ಬೆಳೆದು, ಹಗ್ಗದ ಎಳೆಗಳಂತೆ ಹೊಸೆದುಕೊಳ್ಳುತ್ತವೆ. ಕೆಲವು ಕಡೆ ಎಷ್ಟು ಬಿಗಿಯೆಂದರೆ ನೀರಿಗೂ ದಾರಿ ಇಲ್ಲ. ಕೆಲವು ಕಡೆ ಸ್ವಲ್ಪ ಸಡಿಲ. ಈ ಸಡಿಲ ಜಾಗಗಳನ್ನು ನೆನಪಿಡಿ, ಕೆಲಸ ಶುರುವಾಗುವುದೇ ಅಲ್ಲಿಂದ.

ಸಸ್ಯದ ಗೋಡೆಯಿಂದ ಈ ವಸ್ತುವನ್ನು ಬೇರ್ಪಡಿಸಿ ತೋರಿಸಿದ್ದು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್, 1838ರಲ್ಲಿ. ಅತಿ ಶುದ್ಧ ಸೆಲ್ಯುಲೋಸ್ ನೋಡಬೇಕಾದರೆ ದೂರ ಹೋಗಬೇಕಿಲ್ಲ. ನಾವು ಹಾಕುವ ಹತ್ತಿ ಬನಿಯನ್ ಬಹುಪಾಲು ಅದೇ.

ಮೂರು ಕಿಣ್ವ, ಶಿಡ್ಲಘಟ್ಟದ ನೂಲು ಬಿಚ್ಚುವವರ ಹಾಗೆ

ಬ್ಯಾಕ್ಟೀರಿಯಾಕ್ಕೆ ಬಾಯಿಲ್ಲ. ಒಂದು ಹುಲ್ಲಿನ ಚೂರು ಅದರ ಮೈಗಿಂತ ಸಾವಿರಾರು ಪಟ್ಟು ದೊಡ್ಡದು. ನುಂಗಲು ಆಗದ್ದರಿಂದ ಅದು ಕಿಣ್ವಗಳನ್ನು ಮೈಯಿಂದ ಹೊರಕ್ಕೆ ಬಿಡುತ್ತದೆ. ಹುಲ್ಲು ಹೊರಗೇ ಅರಗುತ್ತದೆ, ಕರಗಿದ ಸಕ್ಕರೆ ಮಾತ್ರ ಒಳಕ್ಕೆ ಹೋಗುತ್ತದೆ.

ಈ ಕೆಲಸಕ್ಕೆ ಬೇಕಾದ ಕಿಣ್ವ ಒಂದಲ್ಲ, ಮುಖ್ಯವಾಗಿ ಮೂರು. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಅಂಟು ಸಡಿಲ ಮಾಡುತ್ತಾರೆ. ಆಮೇಲೆ ಎಳೆಯ ತುದಿ ಹುಡುಕುತ್ತಾರೆ. ತುದಿ ಸಿಕ್ಕಿತು ಅಂದರೆ ಎಳೆ ಸರಸರನೆ ಬರುತ್ತದೆ. ಸಿಗದಿದ್ದರೆ ಗೂಡು ಎಷ್ಟು ಚೆನ್ನಾಗಿದ್ದರೂ ಸುಮ್ನೆ ತೇಲುತ್ತಿರುತ್ತದೆ. (ರೇಷ್ಮೆ ಪ್ರೋಟೀನ್, ಸೆಲ್ಯುಲೋಸ್ ಅಲ್ಲ. ಹೋಲಿಕೆ ತುದಿಯ ವಿಷಯಕ್ಕೆ ಮಾತ್ರ.)

ಹುಲ್ಲಿನಲ್ಲೂ ಕಷ್ಟ ಇರುವುದು ತುದಿ ಸಿಗುವುದರಲ್ಲೇ. ಮೊದಲ ಕಿಣ್ವ ಎಂಡೋಗ್ಲುಕನೇಸ್. ಇದು ಸಡಿಲ ಜಾಗ ನೋಡಿ ಸರವನ್ನು ನಡುವೆಯೇ ಕತ್ತರಿಸುತ್ತದೆ. ಒಂದು ಕಡೆ ಕತ್ತರಿಸಿದರೆ ಎರಡು ಹೊಸ ತುದಿ. ಎರಡನೆಯದು ಎಕ್ಸೋಗ್ಲುಕನೇಸ್. ಇದಕ್ಕೆ ತುದಿಯೇ ಬೇಕು. ಸಿಕ್ಕ ತುದಿ ಹಿಡಿದು, ಸರದ ಮೇಲೆ ಜಾರುತ್ತಾ, ಎರಡೆರಡು ಗ್ಲೂಕೋಸ್ ಇರುವ ಜೋಡಿಗಳನ್ನು ಕಳಚುತ್ತಾ ಹೋಗುತ್ತದೆ. ಆ ಜೋಡಿಯ ಹೆಸರು ಸೆಲ್ಲೋಬಯೋಸ್. ಮೂರನೆಯದು ಬೀಟಾ-ಗ್ಲುಕೋಸಿಡೇಸ್, ಜೋಡಿಯನ್ನು ಒಡೆದು ಬಿಡಿ ಗ್ಲೂಕೋಸ್ ಮಾಡುತ್ತದೆ. ಮೂರನೆಯದು ಸೋತರೆ ಜೋಡಿಗಳು ಗುಡ್ಡೆ ಬಿದ್ದು ಮೊದಲಿನ ಎರಡರ ಕೈ ಕಟ್ಟುತ್ತವೆ. ಅಂದರೆ ಮೂರೂ ಒಟ್ಟಿಗೆ ದುಡಿಯಬೇಕು.

ಒಂದೊಂದು ಕೊಂಡಿ ಕಳಚಲೂ ಒಂದು ನೀರಿನ ಅಣು ಖರ್ಚಾಗುತ್ತದೆ. ಕಿಣ್ವ ಹುಲ್ಲಿನ ಮೈಗೆ ತಲುಪುವುದೂ ನೀರಿನ ತೆಳು ಪದರದಲ್ಲೇ. ಮೇಲಿನ ಒಣ ಹುಲ್ಲು ವರ್ಷವಾದರೂ ಹಾಗೇ ಉಳಿಯುವುದು ಇದಕ್ಕೇ.

ಇನ್ನೊಂದು ಅಡ್ಡಿ ಲಿಗ್ನಿನ್. ಕಡ್ಡಿಗೆ ಗಟ್ಟಿತನ ಕೊಡುವುದು ಇದು. ಸೆಲ್ಯುಲೋಸ್ ಎಳೆಗಳ ಸುತ್ತ ಗಾರೆ ಮೆತ್ತಿದ ಹಾಗೆ ಕೂತಿರುತ್ತದೆ. ಇದನ್ನು ಒಡೆಯುವುದರಲ್ಲಿ ಬ್ಯಾಕ್ಟೀರಿಯಾಕ್ಕಿಂತ ಅಣಬೆ ಜಾತಿಯ ಶಿಲೀಂಧ್ರಗಳು ಗಟ್ಟಿಗ. ಹಾಗಾಗಿ ಯಾರಾದರೂ ಚಿಪ್ಪಣಬೆ ಬೆಳೆಯುತ್ತಿದ್ದರೆ, ಕೊಯ್ಲು ಮುಗಿದ ಹುಲ್ಲಿನ ಚೀಲಗಳನ್ನು ಕೇಳಿ ತನ್ನಿ. ಅಣಬೆ ಆಗಲೇ ಲಿಗ್ನಿನ್ ಸಡಿಲ ಮಾಡಿರುತ್ತದೆ.

ಕೆಲಸ ಶುರು: ಕತ್ತರಿಸುವುದು, ತುಳಿಸುವುದು

ಕಿಣ್ವ ತಾಕಿದ ಕಡೆ ಮಾತ್ರ ಕೊಳೆಯುತ್ತದೆ. ರಾಗಿ ಹುಲ್ಲಿನ ಹೊರಮೈ ನುಣುಪು, ಮೇಣದ ಲೇಪ ಬೇರೆ. ಉದ್ದುದ್ದ ಹುಲ್ಲನ್ನು ಹಾಗೇ ಎಸೆದರೆ ದಾರಿ ಇರುವುದು ಎರಡು ತುದಿಯಲ್ಲಿ ಮಾತ್ರ. ಎರಡರಿಂದ ಐದು ಸೆಂಟಿಮೀಟರ್ ಚೂರು ಮಾಡಿ. ಮೇವು ಕತ್ತರಿಸುವ ಚಾಫ್ ಕಟರ್ ಇದ್ದರೆ ಅರ್ಧ ದಿನದ ಕೆಲಸ. ಮುಸುಕಿನ ಜೋಳದ ದಂಟಿಗೂ ಇದೇ ಅಳತೆ.

ಕಟರ್ ಇಲ್ಲದವರು ಹಳೆಯ ದಾರಿ ಹಿಡಿಯಿರಿ. ಹುಲ್ಲನ್ನು ಕೊಟ್ಟಿಗೆಯಲ್ಲಿ ಹಾಸಿ. ರಾತ್ರಿಯೆಲ್ಲ ದನ ತುಳಿಯುತ್ತದೆ, ಗಂಜಲ ಇಂಗುತ್ತದೆ. ಬೆಳಿಗ್ಗೆ ಹೊತ್ತಿಗೆ ಹುಲ್ಲು ಸೀಳಿ, ಮೆತ್ತಗಾಗಿ, ಸಾರಜನಕವನ್ನೂ ಹೀರಿಕೊಂಡಿರುತ್ತದೆ. ಯಂತ್ರಕ್ಕಿಂತ ಇದೇ ಒಳ್ಳೆಯದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹಿಪ್ಪುನೇರಳೆ ಕಡ್ಡಿಯದು ಬೇರೆ ಕಥೆ. ರೇಷ್ಮೆ ಹುಳುವಿಗೆ ಕಡ್ಡಿ ಸಮೇತ ಸೊಪ್ಪು ಕೊಡುವವರ ಮನೆಯಲ್ಲಿ ಬೆಳೆ ಮುಗಿದಾಗ ಕಡ್ಡಿಯ ರಾಶಿಯೇ ಉಳಿಯುತ್ತದೆ. ಇದು ಮರ, ಲಿಗ್ನಿನ್ ಜಾಸ್ತಿ. ಪೆನ್ಸಿಲ್‌ಗಿಂತ ದಪ್ಪ ಇರುವುದನ್ನು ಒಲೆಗೆ ಇಟ್ಟುಕೊಳ್ಳಿ. ಸಣ್ಣದನ್ನು ಕತ್ತರಿಸಿ ಒಂದು ರಾತ್ರಿ ನೀರು ಬೆರೆಸಿದ ಗಂಜಲದಲ್ಲಿ ನೆನೆಸಿ ಹಾಕಿ. ತಿಪಟೂರು ಕಡೆಯವರ ತೆಂಗಿನ ನಾರಿನ ಪುಡಿಗೂ ಇದೇ ಮಾತು. ಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪ ಬೆರೆಸಬೇಕು, ಅದೊಂದನ್ನೇ ಗುಡ್ಡೆ ಹಾಕಿದರೆ ಬೇಗ ಕೊಳೆಯುವುದಿಲ್ಲ.

ಟೊಮೇಟೊ ಗಿಡ ಹಾಕುವವರು ಒಂದು ಕೆಲಸ ತಪ್ಪದೆ ಮಾಡಿ. ಗಿಡಕ್ಕೆ ಕಟ್ಟಿದ ಪ್ಲಾಸ್ಟಿಕ್ ದಾರ, ಮಲ್ಚಿಂಗ್ ಹಾಳೆಯ ಚೂರು ಎಲ್ಲವನ್ನೂ ಆರಿಸಿ ತೆಗೆಯಿರಿ. ಸೆಲ್ಯುಲೋಸ್ ಕತ್ತರಿಸುವ ಕಿಣ್ವಕ್ಕೆ ಈ ದಾರ ಕತ್ತರಿಸಲು ಬರುವುದಿಲ್ಲ. ಅದು ಗೊಬ್ಬರದ ಜೊತೆ ಹೊಲ ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ಬಾಡು ರೋಗ ಬಂದು ಸತ್ತ ಗಿಡಗಳನ್ನೂ ತಿಪ್ಪೆಗೆ ತರಬೇಡಿ.

ಪಾಲು ಹಾಕುವುದು

ನನ್ನ ರಾಗಿ ಹಳದಿಯಾದ ಕಾರಣ ಇಲ್ಲಿದೆ. ಒಣ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ 60ರಿಂದ 100 ಪಾಲು ಇಂಗಾಲ ಇರುತ್ತದೆ. ಬ್ಯಾಕ್ಟೀರಿಯಾಕ್ಕೆ ಇಂಗಾಲ ಊಟ, ಸಾರಜನಕ ಮೈ ಕಟ್ಟುವ ಸಾಮಾನು. ಕಿಣ್ವ ಕೂಡ ಪ್ರೋಟೀನ್ ಅಲ್ವಾ, ಅದಕ್ಕೂ ಸಾರಜನಕ ಬೇಕೇ ಬೇಕು. ಹುಲ್ಲಿನಲ್ಲಿ ಸಿಗದಿದ್ದರೆ ಅವು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಅರೆ ಕೊಳೆತ ಗೊಬ್ಬರ ಹೊಲಕ್ಕೆ ಹೋದಾಗ ಆಗುವುದು ಅದೇ. ಪೈರಿನ ಪಾಲನ್ನು ಬ್ಯಾಕ್ಟೀರಿಯಾ ತಿಂದು, ಪೈರು ಬಣ್ಣಗೆಡುತ್ತದೆ.

ಕೊಳೆಯಲು ಅನುಕೂಲವಾದ ಲೆಕ್ಕ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ. ನಾನು ಹಾಕುವ ಅಂದಾಜು ಹೀಗೆ: 100 ಕೆಜಿ ಒಣ ಹುಲ್ಲಿಗೆ 100 ಕೆಜಿ ಹಸಿ ಸಗಣಿ, 50–60 ಕೆಜಿ ಹೊಂಗೆ ಅಥವಾ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಹಸಿ ಸೊಪ್ಪು, ಮೂರು ನಾಲ್ಕು ಮಂಕರಿ ರೇಷ್ಮೆ ಹುಳುವಿನ ಹಿಕ್ಕೆ, ಸಿಕ್ಕಷ್ಟು ಗಂಜಲ. ಹಿಕ್ಕೆಯಲ್ಲಿ ಸಾರಜನಕ ಚೆನ್ನಾಗಿದೆ, ಬಿಸಾಡಬೇಡಿ. ಸೊಪ್ಪೂ ಹಿಕ್ಕೆಯೂ ಇಲ್ಲದವರು 100 ಕೆಜಿ ಹುಲ್ಲಿಗೆ ಒಂದು ಕೆಜಿ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಬಹುದು. ಸುಣ್ಣ ಹಾಕಬೇಡಿ. ಸುಣ್ಣದಿಂದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ.

ರೇಷ್ಮೆ ಸಾಕುವವರಿಗೆ ಎರಡು ಎಚ್ಚರಿಕೆ. ಹುಳು ಮನೆಯ ಹಿಕ್ಕೆಯಲ್ಲಿ ಹುಳುವಿಗೆ ತಗಲುವ ಹಾಲುತೊಂಡೆ, ಗಂಟು ರೋಗದ ಅಂಶ ಇರಬಹುದು. ತಿಪ್ಪೆಯನ್ನು ಹುಳು ಮನೆಯಿಂದ, ಸೊಪ್ಪಿನ ತೋಟದಿಂದ ದೂರ ಹಾಕಿ, ಹಸಿ ಹಿಕ್ಕೆಯನ್ನು ನೇರವಾಗಿ ತೋಟಕ್ಕೆ ಎಸೆಯಬೇಡಿ. ಎರಡನೆಯದು, ಮನೆ ತೊಳೆದ ಬ್ಲೀಚಿಂಗ್ ಪುಡಿಯ ನೀರು ತಿಪ್ಪೆಗೆ ಹರಿಯದಂತೆ ನೋಡಿಕೊಳ್ಳಿ. ಅದು ರೋಗಾಣು ಯಾವುದು, ನಮ್ಮ ಕೆಲಸಗಾರ ಯಾವುದು ಅಂತ ನೋಡಿ ಕೊಲ್ಲುವುದಿಲ್ಲ.

ಹೆಪ್ಪು ಯಾವುದು? ಬೆಲ್ಲ ಬೇಕಾ?

ಸಗಣಿ ಹಾಕಿದರೆ ಸಾಕು, ಹಸುವಿನ ಹೊಟ್ಟೆಯ ಬ್ಯಾಕ್ಟೀರಿಯಾ ಹುಲ್ಲು ಕೊಳೆಸುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಹಸುವಿಗೂ ಸೆಲ್ಯುಲೋಸ್ ಒಡೆಯುವ ಕಿಣ್ವ ತಯಾರಿಸಲು ಬರುವುದಿಲ್ಲ. ಅದರ ದೊಡ್ಡ ಹೊಟ್ಟೆಯಲ್ಲಿ ಫೈಬ್ರೋಬ್ಯಾಕ್ಟರ್, ರೂಮಿನೋಕಾಕಸ್‌ನಂಥ ಬ್ಯಾಕ್ಟೀರಿಯಾ ಆ ಕೆಲಸ ಮಾಡುತ್ತವೆ. ಆದರೆ ಅವು ಗಾಳಿಯಿಲ್ಲದ ಕತ್ತಲಲ್ಲಿ, 39 ಡಿಗ್ರಿಯ ಹಿತವಾದ ಶಾಖದಲ್ಲಿ ಬದುಕುವಂಥವು. ಗಾಳಿ ತಾಕಿದರೆ ಬಹಳ ಹೊತ್ತು ಉಳಿಯುವುದಿಲ್ಲ. ತಿರುವಿ ಹಾಕುವ ತಿಪ್ಪೆಯಲ್ಲಿ ದುಡಿಯುವುದು ಬೇರೆ ಗುಂಪು: ಬ್ಯಾಸಿಲಸ್, ಸೆಲ್ಯುಲೋಮೋನಾಸ್, ಶಾಖದಲ್ಲಿ ಹುಲುಸಾಗುವ ಥರ್ಮೋಬಿಫಿಡಾ. ಇವು ಮಣ್ಣಿನಲ್ಲಿ, ಹಳೆಯ ಗೊಬ್ಬರದಲ್ಲಿ ಸಿಗುತ್ತವೆ. ಮೊಸರಿಗೆ ಹೆಪ್ಪು ಹಾಕುವ ಹಾಗೆ, ಚೆನ್ನಾಗಿ ಕೊಳೆತ ಹಳೆಯ ಗೊಬ್ಬರವನ್ನು ಪದರಕ್ಕೆ ಒಂದು ಬೊಗಸೆಯಂತೆ ಎರಚಿ. ಅಂಗಡಿಯಲ್ಲಿ ಸಿಗುವ ಟ್ರೈಕೋಡರ್ಮಾ ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. ಅದೂ ಸೆಲ್ಯುಲೋಸ್ ಒಡೆಯುವುದರಲ್ಲಿ ಪಳಗಿದ್ದು, ಸೇರಿಸಿದರೆ ಒಳ್ಳೆಯದೇ. ಆದರೆ ಶಾಖ ಇಳಿದ ಮೇಲೆ ಹಾಕಿ, ಇಲ್ಲದಿದ್ದರೆ ಬಿಸಿಗೆ ಸಾಯುತ್ತದೆ.

ಈಗ ಬೆಲ್ಲದ ವಿಷಯ. ಸಗಣಿ, ಗಂಜಲ ಕಲಸಿ ಮಾಡುವ ದ್ರವ ಗೊಬ್ಬರವಾದ ಜೀವಾಮೃತಕ್ಕೆ 200 ಲೀಟರ್ ನೀರಿಗೆ 2 ಕೆಜಿ ಬೆಲ್ಲ ಹಾಕುತ್ತೇವೆ. ಬೆಲ್ಲದಿಂದ ಬ್ಯಾಕ್ಟೀರಿಯಾ ಸಂಖ್ಯೆ ಏರುವುದು ನಿಜ. ಆದರೆ ಸುಲಭವಾದ ಸಕ್ಕರೆ ಎದುರಿಗಿದ್ದಾಗ ಅವು ಸೆಲ್ಯುಲೋಸ್ ಕತ್ತರಿಸುವ ಕಿಣ್ವ ತಯಾರಿಸುವುದನ್ನು ಕಡಿಮೆ ಮಾಡುತ್ತವೆ. ಕಿಣ್ವ ಮಾಡಲು ಖರ್ಚಿದೆ, ಬೇಡದ ಖರ್ಚು ಅವು ಮಾಡುವುದಿಲ್ಲ. ಆದ್ದರಿಂದ ಬೆಲ್ಲದ ನೀರನ್ನು ನೇರವಾಗಿ ತಿಪ್ಪೆಗೆ ಪದೇ ಪದೇ ಸುರಿಯಬೇಡಿ. ಜೀವಾಮೃತ ಮಾಡಿ, ಮೂರು ನಾಲ್ಕು ದಿನ ಕಳೆದು ಸಿಹಿ ತೀರಿದ ಮೇಲೆ ಹಾಕಿ. ಆಗ ಹಸಿದ ದೊಡ್ಡ ಗುಂಪು ಹುಲ್ಲಿನ ಮೇಲೆ ಬೀಳುತ್ತದೆ.

ನೀರು, ಗಾಳಿ, ಶಾಖ

ಹೊಂಗೆ ಮರದ ನೆರಳಿನಲ್ಲಿ, ಮಳೆ ನೀರು ನಿಲ್ಲದ ಜಾಗದಲ್ಲಿ ಹಾಕಿ. ಅಗಲ ಒಂದೂವರೆ ಮೀಟರ್, ಎತ್ತರ ಒಂದರಿಂದ ಒಂದೂವರೆ ಮೀಟರ್, ಉದ್ದ ನಿಮ್ಮ ಹುಲ್ಲಿದ್ದಷ್ಟು. ಒಂದು ಮೀಟರ್‌ಗಿಂತ ಚಿಕ್ಕದಾದರೆ ಶಾಖ ನಿಲ್ಲುವುದಿಲ್ಲ. ಹುಲ್ಲು ಒಂದು ಗೇಣು, ಮೇಲೆ ಸೊಪ್ಪು, ಹಿಕ್ಕೆ, ಸಗಣಿ ಬಗ್ಗಡ, ಹೆಪ್ಪು. ಮತ್ತೆ ಹುಲ್ಲು.

ನೀರಿಲ್ಲದ ಸೀಮೆ ನಮ್ಮದು, ಬೋರ್‌ವೆಲ್ ನೀರಿನ ಬೆಲೆ ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಜಿಪುಣತನ ಮಾಡಿದರೆ ಉಳಿದ ಶ್ರಮವೆಲ್ಲ ದಂಡ. ತಿಪ್ಪೆಯ ತೂಕದಲ್ಲಿ ನೂರಕ್ಕೆ 50–60 ಭಾಗ ನೀರಿರಬೇಕು. ಮೇಲೆ ಹೇಳಿದ ಅಳತೆಗೆ, ಹಸಿ ಸಗಣಿ ಮತ್ತು ಸೊಪ್ಪಿನ ತೇವ ಬಿಟ್ಟು, ಹೆಚ್ಚುಕಡಿಮೆ 100 ಲೀಟರ್ ಬೇಕಾಗುತ್ತದೆ. ಹುಲ್ಲನ್ನು ಹಿಂದಿನ ದಿನವೇ ನೆನೆಸಿಟ್ಟರೆ ನೀರು ಹರಿದು ಪೋಲಾಗುವುದಿಲ್ಲ. ಪಾತ್ರೆ ತೊಳೆದ ನೀರು, ಕೊಟ್ಟಿಗೆ ತೊಳೆದ ನೀರು ಎಲ್ಲ ಆಗುತ್ತದೆ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆ ಸುರಿದರೆ ಜಾಸ್ತಿ, ಗಾಳಿಯ ಜಾಗ ನೀರು ಹಿಡಿದು ತಳ ನಾರುತ್ತದೆ. ಆಮೇಲೆ ಗೋಣಿಚೀಲ ಅಥವಾ ಮಣ್ಣಿನ ತೆಳು ಪದರ ಮುಚ್ಚಿ, ತೇವ ಹಾರದಿರಲಿ.

ಮೂರು ನಾಲ್ಕು ದಿನಕ್ಕೆ ಶಾಖ ಏರುತ್ತದೆ. ಬ್ಯಾಕ್ಟೀರಿಯಾ ಸಕ್ಕರೆ ಉರಿಸಿದಾಗ ಬಂದ ಬಿಸಿ ಇದು. ಕಬ್ಬಿಣದ ಹಾರೆಯನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಡಿ. ಹೊರಗೆಳೆದು ಹಿಡಿದಾಗ ಕೈ ಬೇಗ ಬಿಡಬೇಕೆನಿಸಿದರೆ 55–60 ಡಿಗ್ರಿಯ ಆಸುಪಾಸು ಇದೆ. ಕಿಣ್ವಗಳು ಚುರುಕಾಗಿ ದುಡಿಯುವ, ಕಳೆ ಬೀಜ ಮತ್ತು ಅನೇಕ ರೋಗಾಣು ಸಾಯುವ ಶಾಖ ಇದೇ. 70 ದಾಟಿದರೆ ಮಾತ್ರ ಕೆಟ್ಟದ್ದು. ಬಿಸಿಗೆ ಮೊಟ್ಟೆ ಗಟ್ಟಿಯಾದ ಹಾಗೆ ಕಿಣ್ವದ ರೂಪವೇ ಕೆಟ್ಟು, ಕತ್ತರಿಸುವ ಶಕ್ತಿ ಹೋಗುತ್ತದೆ. ಆಗ ತಕ್ಷಣ ತಿರುವಿ.

ಮೊದಲ ಸಲ ತಿರುವುವುದು ಎಂಟು ಹತ್ತು ದಿನಕ್ಕೆ. ಆಮೇಲೆ ಹದಿನೈದು ದಿನಕ್ಕೊಮ್ಮೆ. ಹೊರಗಿನದು ಒಳಗೆ, ಒಳಗಿನದು ಹೊರಗೆ ಬರಬೇಕು. ಒಣಗಿದ್ದರೆ ತಿರುವುವಾಗಲೇ ನೀರು ಚಿಮುಕಿಸಿ. ಹುಳು ಮನೆಯ ಹಿಕ್ಕೆ ಹಾಕಿದವರು ಈ ಕೆಲಸ ತಪ್ಪಿಸಬೇಡಿ. ಎಲ್ಲ ಭಾಗಕ್ಕೂ ಶಾಖ ತಾಕಬೇಕು.

ತಿರುವುವಾಗ ನಡುವೆ ಬೂದಿ ಎರಚಿದಂಥ ಬಿಳಿ ಪದರ ಕಾಣುತ್ತದೆ. ಮೊದಲ ಸಲ ಪಕ್ಕದ ಹೊಲದವರು ನೋಡಿ, "ಏನಣ್ಣಾ, ತಿಪ್ಪೆಗೂ ಸುಣ್ಣಕಟ್ಟು ಬಂದೈತಾ?" ಎಂದು ಗಾಬರಿಯಾಗಿದ್ದರು. ಸುಣ್ಣಕಟ್ಟು ಅಂದರೆ ರೇಷ್ಮೆ ಹುಳು ಬೆಳ್ಳಗಾಗಿ ಗಟ್ಟಿಯಾಗಿ ಸಾಯುವ ರೋಗ, ಹುಳು ಸಾಕುವವರಿಗೆ ಆ ಭಯ ಸಹಜ. ಆದರೆ ಸುಣ್ಣಕಟ್ಟು ರೋಗದ ಶಿಲೀಂಧ್ರ ಇಷ್ಟು ಶಾಖದಲ್ಲಿ ಬೆಳೆಯುವುದಿಲ್ಲ. ಇದು ಆಕ್ಟಿನೋಬ್ಯಾಕ್ಟೀರಿಯಾ, ದಾರದಂತೆ ಬೆಳೆಯುವ ಬ್ಯಾಕ್ಟೀರಿಯಾ ಗುಂಪು. ಗಟ್ಟಿ ನಾರನ್ನು ಒಡೆಯುವುದರಲ್ಲಿ ಇವುಗಳ ಪಾಲು ದೊಡ್ಡದು. ಮೊದಲ ಮಳೆಗೆ ಮಣ್ಣು ಬಿಡುವ ಘಮಲೂ ಇವೇ ಮಾಡುವ ಜಿಯೋಸ್ಮಿನ್‌ನಿಂದ ಬರುತ್ತದೆ.

ತಿರುವಲು ಆಳೂ ಇಲ್ಲ, ನೀರೂ ಇಲ್ಲ ಅನ್ನುವವರಿಗೆ

ನಮ್ಮ ಪಕ್ಕದಲ್ಲೇ ಹುಟ್ಟಿದ ದಾರಿ ಇದೆ. 1939ರಲ್ಲಿ ಆಚಾರ್ಯ ಎಂಬ ವಿಜ್ಞಾನಿ ರೂಪಿಸಿದ ಇದಕ್ಕೆ ಲೋಕದೆಲ್ಲೆಡೆ ಬೆಂಗಳೂರು ಪದ್ಧತಿ ಎಂದೇ ಹೆಸರು. ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ ಮುಚ್ಚಿಬಿಡುವುದು. ಮೊದಲ ಕೆಲವು ದಿನ ಒಳಗಿದ್ದ ಗಾಳಿಯಲ್ಲಿ ಬಿಸಿಯಾಗಿ ಕೊಳೆಯುತ್ತದೆ, ಗಾಳಿ ತೀರಿದ ಮೇಲೆ ಗಾಳಿ ಬೇಡದ ಬ್ಯಾಕ್ಟೀರಿಯಾ ಕೆಲಸ ಹಿಡಿಯುತ್ತವೆ. ತಿರುವುವ ಕೂಲಿ ಇಲ್ಲ, ತೇವವೂ ಹಾರುವುದಿಲ್ಲ. ಮೆತ್ತಲು ಕೆರೆ ಗೋಡು ತುಂಬಾ ಚೆನ್ನಾಗಿ ಹಿಡಿಯುತ್ತದೆ. ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು.

ಗಾಳಿ ಬೇಡದ ಇಂಥ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಬೆರಗು ಹುಟ್ಟಿಸುತ್ತವೆ. ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಮ್ ಎಂಬುದು ಕಿಣ್ವಗಳನ್ನು ಬಿಡಿಬಿಡಿಯಾಗಿ ಎಸೆಯುವುದಿಲ್ಲ. ಹತ್ತಾರು ಕಿಣ್ವಗಳನ್ನು ಒಂದೇ ಚೌಕಟ್ಟಿಗೆ ಸಿಕ್ಕಿಸಿ, ಅದನ್ನು ತನ್ನ ಮೈಗೂ ಹುಲ್ಲಿಗೂ ಅಂಟಿಸಿಕೊಳ್ಳುತ್ತದೆ. ಇದರ ಹೆಸರು ಸೆಲ್ಯುಲೋಸೋಮ್. ಇಸ್ರೇಲಿನ ಎಡ್ ಬೇಯರ್, ರಫಾಯೆಲ್ ಲಾಮೆಡ್ 1980ರ ದಶಕದ ಆರಂಭದಲ್ಲಿ ಇದನ್ನು ಕಂಡುಹಿಡಿದರು. ತುದಿ ಮಾಡುವವನು, ಬಿಚ್ಚುವವನು ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂತ ಹಾಗೆ.

ಬಟ್ಟೆ ಹೂತು ಪರೀಕ್ಷೆ

ಹೆಪ್ಪು ಎಷ್ಟು ಚುರುಕಾಗಿದೆ ಎಂದು ಮನೆಯಲ್ಲೇ ನೋಡಬಹುದು. ಶಾಲೆಗೆ ಹೋಗುವ ಮಕ್ಕಳನ್ನೂ ಕರೆದುಕೊಳ್ಳಿ. ಹಳೆಯ ಬಿಳಿ ಹತ್ತಿ ಬನಿಯನ್‌ನಿಂದ ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿ. ಪಾಲಿಯೆಸ್ಟರ್ ಬೆರೆತಿರಬಾರದು. ಒಂದನ್ನು ತಿಪ್ಪೆಯ ನಡುವೆ, ಒಂದನ್ನು ಹೊಲದಲ್ಲಿ ಒಂದು ಗೇಣು ಆಳಕ್ಕೆ, ಇನ್ನೊಂದನ್ನು ಗೊಬ್ಬರ ಕಾಣದ ಬದುವಿನ ಹತ್ತಿರ ಹೂತು, ಕಡ್ಡಿ ನೆಟ್ಟು ಗುರುತು ಮಾಡಿ. ತಿಪ್ಪೆಯದನ್ನು ತಿರುವುವಾಗಲೆಲ್ಲ ನೋಡಿ, ಹೊಲದ್ದನ್ನು ಎರಡು ತಿಂಗಳಿಗೆ ತೆಗೆಯಿರಿ. ಜೀವ ಇರುವ ಮಣ್ಣಿನಲ್ಲಿ ಬಟ್ಟೆ ಜಾಳಿಗೆಯಾಗಿರುತ್ತದೆ, ಎಳೆದರೆ ಹರಿಯುತ್ತದೆ. ಬಡ ಮಣ್ಣಿನಲ್ಲಿ ಕೊಳೆ ಹತ್ತಿದ ಬಟ್ಟೆಯಾಗಿ ಹಾಗೇ ಸಿಗುತ್ತದೆ. ಒಣ ಮಣ್ಣಿನಲ್ಲೂ ಹಾಗೇ ಆಗುತ್ತದೆ, ಅದಕ್ಕೇ ಮೂರಕ್ಕೂ ತೇವ ಒಂದೇ ಸಮ ಇರುವ ಮಳೆಗಾಲದಲ್ಲಿ ಮಾಡಿ.

ಗೊಬ್ಬರ ಆಯಿತಾ?

ರಾಗಿ ಹುಲ್ಲಿನ ತಿಪ್ಪೆ ಸರಿಯಾಗಿ ತಿರುವಿದರೆ ಮೂರರಿಂದ ನಾಲ್ಕು ತಿಂಗಳು. ಕಡ್ಡಿ ಬೆರೆತಿದ್ದರೆ ಇನ್ನೂ ಸ್ವಲ್ಪ ದಿನ. ತಿರುವಿ ನೀರು ಹಾಕಿದರೂ ಶಾಖ ಏರದಿದ್ದರೆ ಸುಲಭವಾಗಿ ಸಿಗುವ ಸೆಲ್ಯುಲೋಸ್ ಮುಗಿದಿದೆ ಎಂದರ್ಥ. ಒಂದು ಹಿಡಿ ತೇವದ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಟ್ಟು ಬಿಚ್ಚಿ ನೋಡಿ. ಮಣ್ಣಿನ ವಾಸನೆ ಬಂದರೆ ಆಯಿತು. ಹುಳಿ ಅಥವಾ ಅಮೋನಿಯಾ ವಾಸನೆ ಬಂದರೆ ಇನ್ನೂ ಇದೆ. ನನಗೆ ಹೆಚ್ಚು ನಂಬಿಕೆ ಇರುವುದು ಬೀಜದ ಮೇಲೆ. ಒಂದು ಡಬ್ಬಿಯಲ್ಲಿ ಗೊಬ್ಬರ-ಮಣ್ಣು ಅರ್ಧರ್ಧ, ಇನ್ನೊಂದರಲ್ಲಿ ಬರೀ ಮಣ್ಣು ಹಾಕಿ ಒಂದಿಷ್ಟು ರಾಗಿ ಚೆಲ್ಲಿ. ಹದಿನೈದು ದಿನಕ್ಕೆ ಗೊಬ್ಬರದ ಡಬ್ಬಿಯ ಸಸಿ ಹಳದಿಯಾದರೆ ಹೊಲಕ್ಕೆ ಹಾಕಬೇಡಿ, ಇನ್ನೊಂದು ತಿಂಗಳು ಬಿಡಿ.

ಸಂಕ್ರಾಂತಿ ಹೊತ್ತಿಗೆ ಒಕ್ಕಣೆ ಮುಗಿದ ಹುಲ್ಲಿನಲ್ಲಿ ದನಕ್ಕೆ ಬೇಕಾದ್ದನ್ನು ಮೆದೆ ಹಾಕಿ, ಮಿಕ್ಕಿದ್ದನ್ನು ತಿಪ್ಪೆಗೆ ಹಾಕಿದರೆ ಮುಂಗಾರಿಗೆ ಗೊಬ್ಬರ ಸಿದ್ಧ. ಹೊಲಕ್ಕೆ ಸಾಗಿಸುವ ಮುಂಚೆ ಜರಡಿ ಹಿಡಿಯಿರಿ. ಮೇಲೆ ಉಳಿಯುವ ಅರೆ ಕೊಳೆತ ಹಿಪ್ಪುನೇರಳೆ ಕಡ್ಡಿಗಳನ್ನು ಎಸೆಯಬೇಡಿ. ಅವುಗಳ ಮೈತುಂಬಾ ಹುಲ್ಲು ಕೊಳೆಸುವ ಬ್ಯಾಕ್ಟೀರಿಯಾಗಳು ಅಂಟಿಕೊಂಡಿರುತ್ತವೆ. ಮುಂದಿನ ತಿಪ್ಪೆಯ ತಳಕ್ಕೆ ಮೊದಲು ಹಾಸಬೇಕಾದ್ದು ಅವನ್ನೇ.